ಈ ಬಿಸಲಾಗ ನಾಯಿ ಅಡವಿಗೆ ಬ್ಯಾಡ, ಕಾಕಾ

ಕಾಕಾ, ಒಂದೀಟು ಬೇಲಿ ಕಡೆ ಬರ್ರಿ. ನಾಯಿ ಕರಕೊಂಡು ಅಡವಿಗೆ ಹೋಗಿ ಹಂದಿ ಎಬ್ಬಸ್ತೀವಿ ಅಂತ ಹುಡುಗ್ರು ಮಾತಾಡೋದು ಕೇಳಿದೆ, ಅದಕ್ಕ ಕರದೆ. ಅಲ್ನೋಡ್ರಿ, ನಿಮ್ಮ ನಾಯಿ ಹುಣಸಿಮರದ ಬುಡಕ ಹಸಿ ಮಣ್ಣು ಕೆದರಿ ಹೊಟ್ಟಿ ಹಚ್ಚಿ ಮಲಗೇತಿ. ನೆರಳಾಗಿದ್ರೂ ತೇಕೋದು ನಿಂತಿಲ್ಲ.

ಹಿಂದ ನಮ್ಮ ಹಿರ್ಯಾರು ಬೇಟೆಗೆ ಹೋಗ್ತಿದ್ರು ಅಂತೀರಿ. ಖರೆ. ಆದ್ರ 1972ರ ವನ್ಯಜೀವಿ ಕಾಯ್ದೆ ಬಂದ ಮ್ಯಾಲ ಬೇಟೆ ಅಪರಾಧ. ದಾಂಡೇಲಿ, ಜೋಯಿಡಾ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶನ ಐತಿ. ಕಾಯ್ದೆ ಮಾತು ಅಷ್ಟಕ್ಕ ಬಿಡ್ರಿ, ನಾಯಿ ಜೀವದ ಮಾತು ಕೇಳ್ರಿ.

ನಮಗ ಮೈತುಂಬ ಬೆವರು ಬರತೈತಿ. ನಾಯಿ ಬೆವರೋದು ಅಂಗಾಲಾಗ ಅಷ್ಟ. ಮೈ ಆರಬೇಕಂದ್ರ ತೇಕಬೇಕು. ಅದರ ಮೈಕಾವು ಸುಮಾರು 38.5 ಡಿಗ್ರಿ. ಹಂದಿ ಹಿಂದ ಓಡಿ 41 ದಾಟ್ತು ಅಂದ್ರ ಮಿದುಳು, ಮೂತ್ರಪಿಂಡ ಕೆಡಾಕ ಹತ್ತತಾವ. ಸಾಕಾತು ಅಂತ ಅದು ನಿಲ್ಲೂದಿಲ್ಲ ಕಾಕಾ. ನೀವು ‘ಛೂ’ ಅಂದ್ರ ಬೀಳೂತನಕ ಓಡತೈತಿ. ಮುಧೋಳ ನಾಯಿ ಆದ್ರ ತಡೀತೈತಿ ಅಂತಾರ ಮಂದಿ. ತೆಳು ಮೈ, ಸಣ್ಣ ಕೂದಲ, ಬಯಲಸೀಮಿ ತಳಿ, ಒಪ್ಪಿದೆ. ಬೆವರಿನ ಲೆಕ್ಕ ಅದಕ್ಕೂ ಬ್ಯಾರೆ ಇಲ್ಲ.

ಜೊಲ್ಲು ಅಂಟಂಟಾಗಿ, ವಸಡು ಕೆಂಪೇರಿ, ಕಾಲು ತಡವರಿಸಿದ್ರ ತಡಾ ಮಾಡಬ್ಯಾಡ್ರಿ. ನೆರಳಿಗೆ ತಂದು ಹೊಟ್ಟಿ, ತೊಡಿಸಂದಿ, ಪಾದಕ್ಕ ತಣ್ಣೀರು ಹಾಕಿ ಗಾಳಿ ಬೀಸ್ರಿ. ಎಚ್ಚರ ಇದ್ರ ಗುಟುಕು ಗುಟುಕು ನೀರು ಕುಡಸ್ರಿ. ಹಂಗ ಪಶು ದವಾಖಾನಿಗೆ ಒಯ್ಯಿರಿ. ಅಡವ್ಯಾಗ ಇದೆಲ್ಲ ಎಲ್ಲಿ ಸಿಗಬೇಕು?

ಇನ್ನೊಂದು ಐತಿ. ಬ್ಯಾಸಗ್ಯಾಗ ಹಳ್ಳ ಬತ್ತಿ, ಉಳಿದ ಒಂದೆರಡು ಗುಂಡಿಗೆ ಜಿಂಕಿ, ಹಂದಿ, ಸೀಳುನಾಯಿ ಎಲ್ಲಾ ಬರತಾವ. ನಮ್ಮ ನಾಯಿ ಅಲ್ಲಿ ಹೊಕ್ರ ಡಿಸ್ಟೆಂಪರ್, ಹುಚ್ಚುರೋಗ ಸೀಳುನಾಯಿಗೆ ಅಂಟಬಹುದು. 2018ರಾಗ ಗಿರ್ ಅಡವ್ಯಾಗ ಸಿಂಹಗಳ ಜೀವ ತಗದದ್ದು ಇದ ಡಿಸ್ಟೆಂಪರ್. ನಮ್ಮ ಕಾಳಿ ಅಡವ್ಯಾಗ ಹಂಗಾಗಬಾರದು.

ಹಂದಿ ಕಬ್ಬು ಹಾಳು ಮಾಡೂದು ನನಗೂ ಗೊತ್ತೈತಿ. ಹಳಿಯಾಳ, ಮುಂಡಗೋಡದ ಯಾವ ರೈತ್ರನ್ನ ಕೇಳಿದ್ರೂ ಇದ ಸಂಕಟ. ಹೊಲದ ಫೋಟೋ ತಗದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡ್ರಿ, ನಾ ಬರದು ಕೊಡ್ತೀನಿ. ನಾಯಿ ರಾತ್ರಿ ತಂಪಿನ್ಯಾಗ ಬದುವಿನ ಮ್ಯಾಲ ಬೊಗಳಲಿ, ಸಾಕು. ಹುಡುಗ್ರಿಗೆ ನೀವ ಹೇಳ್ರಿ ಕಾಕಾ, ನಿಮ್ಮ ಮಾತು ಮೀರೂದಿಲ್ಲ ಅವರು. ನಾಯಿಗೆ ಡಿಸ್ಟೆಂಪರ್, ಹುಚ್ಚುರೋಗ ಎರಡರ ಚುಚ್ಚುಮದ್ದೂ ಈ ವಾರನ ಹಾಕಸ್ರಿ.