ನೊಣದರ್ಶಿ

ಬೆಂಗಳೂರಿನ ಬಸವನಗುಡಿ, ಜಯನಗರಗಳಲ್ಲಿಯೂ ಮೈಸೂರಿನ ಸರಸ್ವತೀಪುರದಲ್ಲಿಯೂ ಬೆಳಗಿನ ಹೊತ್ತು ಉದ್ಯಾನಗಳಿಗೆ ಬರುವ ನಿವೃತ್ತರನ್ನು ರೋಗಾನುಸಾರ ವಿಂಗಡಿಸಿದರೆ, ಸಕ್ಕರೆಯವರು, ಬಿಪಿಯವರು, ಮಂಡಿಯವರು ಎಂಬ ಬಹುಸಂಖ್ಯಾತ ಪಂಗಡಗಳ ಹೊರಗೆ ನಿಲ್ಲುವ, ಸಂಖ್ಯೆಯಲ್ಲಿ ಅಲ್ಪವಾದರೂ ವಾಗ್ಮಿತೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಇನ್ನೊಂದು ವರ್ಗವಿರುವುದು ಗೊತ್ತಾಗುತ್ತದೆ. ಈ ವರ್ಗಕ್ಕೆ ಸೇರಿದವರು ಆಕಾಶದತ್ತ ಮುಖ ಮಾಡಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ ನಿಂತಿರುತ್ತಾರೆ. ಮೊದಲ ಬಾರಿಗೆ ನೋಡಿದವರು ಇದು ಸೂರ್ಯೋಪಾಸನೆಯ ಯಾವುದೋ ಅಪ್ರಸಿದ್ಧ ಕ್ರಮವಿರಬೇಕೆಂದು ಭಾವಿಸಿ, ಭಕ್ತಿಯಿಂದ ಸ್ವಲ್ಪ ದೂರ ಸರಿದು ನಡೆಯುವುದುಂಟು. ವಾಸ್ತವದಲ್ಲಿ ಅವರು ಹುಡುಕುತ್ತಿರುವುದು ತಮ್ಮ ನೊಣವನ್ನು. ನಿನ್ನೆ ಬಲಗಣ್ಣಿನ ಮೇಲ್ಮೂಲೆಯಲ್ಲಿದ್ದದ್ದು ಇಂದೂ ಅಲ್ಲಿಯೇ ಇದೆಯೆ, ಇದ್ದರೆ ಒಂದೇ ಇದೆಯೆ, ಸಂಸಾರ ಹೂಡಿದೆಯೆ ಎಂಬುದನ್ನು ಖಚಿತಪಡಿಸಿಕೊಳ್ಳದೆ ಅವರ ದಿನ ಆರಂಭವಾಗುವುದಿಲ್ಲ. ಪ್ರಸ್ತುತ ಬರಹದಲ್ಲಿ ಇವರನ್ನು ನೊಣದರ್ಶಿಗಳೆಂದು ಕರೆಯಲಾಗಿದೆ.

ನೊಣದರ್ಶಿಗಳಿಗೆ ಕಾಣುವ ವಸ್ತು ಸುಳ್ಳಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು, ಏಕೆಂದರೆ ಅವರನ್ನು ಕಂಡು ನಗುವವರಲ್ಲಿ ಹೆಚ್ಚಿನವರು ಅದನ್ನು ಭ್ರಮೆಯೆಂದೇ ತಿಳಿದಿರುತ್ತಾರೆ. ಕಣ್ಣುಗುಡ್ಡೆಯ ಒಳಗಿನ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ವಿಟ್ರಿಯಸ್ ಎಂಬ, ಲೋಳೆಯಂಥ ಪಾರದರ್ಶಕ ದ್ರವ್ಯ ತುಂಬಿಕೊಂಡಿರುತ್ತದೆ. ಹೆಚ್ಚುಕಡಿಮೆ 4 ಮಿಲಿಲೀಟರಿನಷ್ಟಿರುವ ಈ ದ್ರವ್ಯದಲ್ಲಿ ಬಹುಪಾಲು ನೀರೇ ಆಗಿದ್ದು, ಅದನ್ನು ಹಿಡಿದು ನಿಲ್ಲಿಸುವುದು ಕೊಲಾಜೆನ್ ಎಂಬ ಪ್ರೋಟೀನಿನ ಅತಿಸೂಕ್ಷ್ಮ ಎಳೆಗಳು. ವಯಸ್ಸಾದಂತೆ ಈ ಲೋಳೆಯು, ಇಟ್ಟ ಗಟ್ಟಿಮೊಸರು ನೀರೊಡೆಯುವ ರೀತಿಯಲ್ಲಿ, ಅಲ್ಲಲ್ಲಿ ನೀರಾಗಿ, ಎಳೆಗಳು ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಆ ಗಂಟುಗಳ ನೆರಳು ಕಣ್ಣಿನ ಹಿಂಗೋಡೆಯಲ್ಲಿದ್ದು ಬೆಳಕನ್ನು ಗ್ರಹಿಸುವ ಅಕ್ಷಿಪಟಲದ ಮೇಲೆ ಬಿದ್ದಾಗ, ಎದುರಿನ ಸುಣ್ಣದ ಗೋಡೆಯ ಮೇಲೆ ನೊಣವೋ ನೂಲೋ ತೇಲಿದಂತೆ ತೋರುತ್ತದೆ. ಕಣ್ಣಿನೊಡನೆಯೇ ಅದೂ ಚಲಿಸುವುದರಿಂದ ನೇರವಾಗಿ ನೋಡಹೋದರೆ ಓಡುತ್ತದೆ, ನೋಡುವುದನ್ನು ಬಿಟ್ಟರೆ ನಿಧಾನವಾಗಿ ಹಿಂದಿರುಗುತ್ತದೆ. ಕಚೇರಿಯಲ್ಲಿ ಕಡತಗಳನ್ನು ಬೆನ್ನಟ್ಟಿ ಪಳಗಿದವರಿಗೆ ಈ ವರ್ತನೆ ಅಪರಿಚಿತವಲ್ಲವಾದರೂ ಸಹ್ಯವೂ ಅಲ್ಲ. ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿಯವರಿಗೆ ಈ ಯೋಗ ಇತರರಿಗಿಂತ ಬೇಗ ಕೂಡಿಬರುತ್ತದೆ.

ಮೊದಲ ಹಂತದಲ್ಲಿ ನೊಣದರ್ಶಿಗಳು ದೋಷವನ್ನು ಹೊರಜಗತ್ತಿನಲ್ಲಿ ಅರಸುತ್ತಾರೆ. ಕೈಬೀಸಿ ಓಡಿಸುತ್ತಾರೆ, ಕನ್ನಡಕವನ್ನು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಒರೆಸಿ, ಕೊನೆಗೆ ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯುತ್ತಾರೆ, ಅಡುಗೆಮನೆಯಲ್ಲಿ ಹಲಸಿನ ಹಣ್ಣು ಕೊಯ್ದಿಟ್ಟದ್ದಕ್ಕಾಗಿ ಮನೆಯಾಕೆಯನ್ನು ಆಕ್ಷೇಪಿಸುತ್ತಾರೆ. "ನೊಣ ಎಲ್ಲಿದೆ ಅಂದ್ರೆ, ನನಗೊಂದೂ ಕಾಣ್ತಿಲ್ವಲ್ಲ" ಎಂದು ಆಕೆ ಹೇಳಿದಾಗ, ಕಾಣದಿರುವುದೇ ಆಕೆಯ ಕಣ್ಣಿನ ದೋಷಕ್ಕೆ ಸಾಕ್ಷಿಯೆಂದು ತೀರ್ಮಾನಿಸಿ, ಇಬ್ಬರೂ ಒಟ್ಟಿಗೆ ಕನ್ನಡಕದ ಅಂಗಡಿಗೆ ಹೋಗುತ್ತಾರೆ. ಅಂಗಡಿಯ ಹುಡುಗ ಕಂಪ್ಯೂಟರ್ ಯಂತ್ರದ ಮುಂದೆ ಗದ್ದ ಊರಿಸಿ ಕೂರಿಸಿ, ದೂರದ್ದನ್ನೂ ಹತ್ತಿರದ್ದನ್ನೂ ಗೆರೆಯಿಲ್ಲದ ಒಂದೇ ಗಾಜಿನಲ್ಲಿ ತೋರಿಸುವ ಪ್ರೋಗ್ರೆಸಿವ್ ಕನ್ನಡಕವನ್ನು ಮಾರುತ್ತಾನೆ. ಅದನ್ನು ಧರಿಸಿ ಹೊರಬಂದ ನೊಣದರ್ಶಿಗಳಿಗೆ ಅಂಗಡಿಯ ಹೆಸರು, ಬಸ್ಸಿನ ನಂಬರು, ನೊಣದ ಕಾಲು ಮೂರೂ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ.

ಅನಂತರದ್ದು ಬಂಧುಬಳಗದ ಹಂತ. ಇದರ ಅವಧಿಯನ್ನು ನಿರ್ಧರಿಸುವುದು ರೋಗವಲ್ಲ, ನೆಂಟರ ಸಂಖ್ಯೆ. ಕಣ್ಣಿನ ಯಾವುದೇ ತೊಂದರೆಗೆ ಉಷ್ಣವೇ ಕಾರಣವೆಂಬುದು ನಮ್ಮಲ್ಲಿ ಚರ್ಚಾತೀತವಾದ ಸಿದ್ಧಾಂತವಾದ್ದರಿಂದ ಅತ್ತಿಗೆಯ ಮನೆಯಿಂದ ನಂದಿಬಟ್ಟಲು ಹೂವು ಬರುತ್ತದೆ, ಅಕ್ಕನ ಮನೆಯಿಂದ ಹೊನಗೊನ್ನೆ ಸೊಪ್ಪು ಬರುತ್ತದೆ, ಸೋದರತ್ತೆ ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಳ್ಳಲು ಫೋನಿನಲ್ಲಿಯೇ ಆಜ್ಞಾಪಿಸುತ್ತಾಳೆ. ರಾತ್ರಿ ಮುಚ್ಚಿದ ಕಣ್ಣುಗಳ ಮೇಲೆ ಬಿಳಿಹೂ ಇಟ್ಟುಕೊಂಡು ಅಂಗಾತ ಮಲಗಿದ ನೊಣದರ್ಶಿಗಳನ್ನು ಕಂಡು ನಡುರಾತ್ರಿ ನೀರು ಕುಡಿಯಲು ಎದ್ದ ಮೊಮ್ಮಗಳು ಕಿಟಾರನೆ ಕಿರುಚಿಕೊಂಡಳೆಂಬುದು ಬಿಟ್ಟರೆ ಈ ಚಿಕಿತ್ಸೆಯಿಂದ ಯಾರಿಗೂ ಅಪಾಯವಾದಂತಿಲ್ಲ. ರೆಪ್ಪೆಗೆ ತಂಪಾಗುವುದೂ ಸುಳ್ಳಲ್ಲ. ಆದರೆ ರೆಪ್ಪೆಯ ತಂಪಿನ ಸುದ್ದಿ ಒಳಗಿನ ಲೋಳೆಗೆ ತಲುಪುವ ದಾರಿಯಿಲ್ಲ. ಜೇನುತುಪ್ಪ, ಎದೆಹಾಲು ಮೊದಲಾದವನ್ನು ಕಣ್ಣಿನೊಳಕ್ಕೇ ಬಿಡಲು ಹೇಳುವ ಇನ್ನೊಂದು ಬಳಗವಿದೆ, ಸೋಂಕು ತಗುಲುವ ಭಯವಿರುವುದರಿಂದ ಅವರನ್ನು ಹೊಸ್ತಿಲಿನಲ್ಲಿಯೇ ಕಾಫಿ ಕೊಟ್ಟು ಕಳುಹಿಸುವುದು ಕ್ಷೇಮ. ಒಣಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿಯಾಗಿ, ಅಮ್ಮನವರಿಗೆ ಬೆಳ್ಳಿಕಣ್ಣಿನ ಹರಕೆ ಹೊತ್ತ ಮೇಲೆ, ಸಂಸ್ಕೃತದ ನಿವೃತ್ತ ಅಧ್ಯಾಪಕರೊಬ್ಬರು ಸುಶ್ರುತ ಸಂಹಿತೆಯ ಉತ್ತರತಂತ್ರವನ್ನು ಹಿಡಿದು ಬರುತ್ತಾರೆ. ದೋಷವು ಕಣ್ಣಿನ ಎರಡನೆಯ ಪಟಲವನ್ನು, ಅಂದರೆ ಪದರವನ್ನು, ಹೊಕ್ಕಾಗ ರೋಗಿಗೆ ನೊಣ, ಸೊಳ್ಳೆ, ಕೂದಲು, ಬಲೆ ಕಾಣುತ್ತವೆಂದು ಅದರಲ್ಲಿ ಹೇಳಿರುವುದು ನಿಜ. ತಮ್ಮ ನೊಣಕ್ಕೆ ಇಷ್ಟು ಪ್ರಾಚೀನವಾದ ಶಾಸ್ತ್ರಾಧಾರವಿರುವುದನ್ನು ಕೇಳಿ ಹಿಗ್ಗಿದ ನೊಣದರ್ಶಿಗಳು ಮುಂದಕ್ಕೂ ಓದಿಸುತ್ತಾರೆ. ನಾಲ್ಕನೆಯ ಪಟಲದಲ್ಲಿ ದೃಷ್ಟಿಯೇ ಮುಚ್ಚಿಹೋಗುವ ಲಿಂಗನಾಶವೆಂಬ ರೋಗದ ಪ್ರಸ್ತಾಪ ಬಂದಾಗ ಪುಸ್ತಕ ಮುಚ್ಚಿಸಿ, ಕ್ಯಾಲಿಫೋರ್ನಿಯಾದಲ್ಲಿರುವ ಮಗನಿಗೆ ವಿಡಿಯೋ ಕರೆ ಮಾಡುತ್ತಾರೆ. "ಎಲ್ಲಪ್ಪಾ, ತೋರಿಸಿ" ಎಂದು ಮಗ ಕೇಳುತ್ತಾನೆ. ತಂದೆ ಫೋನನ್ನು ಕಣ್ಣಿಗೆ ತಾಗಿಸಿ ಹಿಡಿಯುತ್ತಾರೆ. ಅಲ್ಲಿ ಮಧ್ಯರಾತ್ರಿಯ ನಿದ್ದೆಗಣ್ಣಿನ ಮಗನಿಗೆ ಪರದೆಯ ತುಂಬ ಒಂದು ಹುಬ್ಬು ಮಾತ್ರ ಕಾಣುತ್ತದೆ.

ನೊಣದರ್ಶಿಗಳಲ್ಲಿ ಒಳಪಂಗಡಗಳಿರುವುದನ್ನೂ ಇಲ್ಲಿ ಸೂಚಿಸಬೇಕು. ಅವುಗಳಲ್ಲಿ ತಮ್ಮನ್ನು ಮೇಲ್ವರ್ಗವೆಂದು ಭಾವಿಸಿರುವವರು ಕೋಟೆದರ್ಶಿಗಳು. ಇವರಿಗೆ ನೋಟದ ನಡುವೆ ಸಣ್ಣದೊಂದು ಮಸುಕು ಹುಟ್ಟಿ, ಅದರ ಅಂಚಿನಲ್ಲಿ ಮಿನುಗುವ ಅಂಕುಡೊಂಕು ರೇಖೆಗಳು ಮೂಡಿ, ಬಿಲ್ಲಿನಾಕಾರದಲ್ಲಿ ಹಿಗ್ಗುತ್ತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕರಗಿಹೋಗುತ್ತವೆ. 1792ರಲ್ಲಿ ಟಿಪ್ಪು ಸುಲ್ತಾನ್ ಸಕಲೇಶಪುರದ ಬಳಿ ಕಟ್ಟಿಸಿದ ಮಂಜರಾಬಾದ್ ಕೋಟೆಯ ನಕ್ಷತ್ರಾಕಾರದ ಗೋಡೆಯನ್ನು ಮೇಲಿನಿಂದ ನೋಡಿದವರಿಗೆ ಈ ರೇಖೆಗಳ ವಿನ್ಯಾಸ ಸುಲಭವಾಗಿ ತಿಳಿಯುತ್ತದೆ. ಇದು ಕಣ್ಣಿನದಲ್ಲ, ಮಿದುಳಿನ ಹಿಂಭಾಗದಲ್ಲಿರುವ ದೃಷ್ಟಿಕೇಂದ್ರದಲ್ಲಿ ಹಾದುಹೋಗುವ ಒಂದು ಅಲೆಯ ಫಲ; ಮೈಗ್ರೇನ್ ಎಂಬ ಅರೆದಲೆನೋವಿನ ಮುನ್ಸೂಚನೆಯಾಗಿ ಬರುವುದು ರೂಢಿ, ತಲೆನೋವೇ ಇಲ್ಲದೆ ಬರುವುದೂ ಉಂಟು. ಎರಡೂ ಕಣ್ಣುಗಳನ್ನು ಸರದಿಯಂತೆ ಮುಚ್ಚಿದರೂ ಕಾಣುತ್ತಿರುವುದು ಇದರ ಗುರುತು. ಇಳಿವಯಸ್ಸಿನಲ್ಲಿ ಮೊದಲ ಬಾರಿಗೆ ಬಂದರೆ ಮಾತ್ರ ವೈದ್ಯರಿಗೆ ತಿಳಿಸದಿರುವುದು ಜಾಣತನವಲ್ಲ. ಒಳಗಿನ ಕೋಟೆಯ ಮುಂದೆ ನೊಣವೇನು ಮಹಾ ಎಂದು ಕೋಟೆದರ್ಶಿಗಳು ಉದ್ಯಾನದ ಕಲ್ಲುಬೆಂಚಿನ ಮೇಲೆ ಹೇಳಿಕೊಳ್ಳುವುದರಿಂದ ಎರಡು ಪಂಗಡಗಳ ನಡುವೆ ಸೌಹಾರ್ದ ಕಡಿಮೆ.

ಇಷ್ಟೆಲ್ಲ ನಡೆಯುವಾಗ ಕಣ್ಣಿನ ವೈದ್ಯರ ಬಳಿಗೆ ಹೋಗುವುದೊಂದು ಮಾತ್ರ ಮುಂದಕ್ಕೆ ಬೀಳುತ್ತಿರುತ್ತದೆ. ಕಣ್ಣಿನ ಆಸ್ಪತ್ರೆಗಳ ಕೊರತೆಯನ್ನು ಇದಕ್ಕೆ ಕಾರಣವಾಗಿ ಒಡ್ಡುವಂತಿಲ್ಲ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಆರಂಭ 1896ರಷ್ಟು ಹಿಂದಿನದು, ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರಗಳಲ್ಲಿ ಸಾಲುಸಾಲಾಗಿ ಕಣ್ಣಿನ ಪೊರೆ ತೆಗೆದದ್ದನ್ನು ನೆನೆಯುವವರು ಈಗಲೂ ಇದ್ದಾರೆ. ಬಹುಶಃ ಆ ನೆನಪೇ ನೊಣದರ್ಶಿಗಳಿಗೆ ಅಡ್ಡಿಯಾಗಿದೆ: ಕಣ್ಣಿನ ರೋಗವೆಂದರೆ ಪೊರೆ, ಪೊರೆಯೆಂದರೆ ಆಪರೇಷನ್, ಆಪರೇಷನ್ ಎಂದರೆ ಅಜ್ಜಿ ಹಸಿರು ಬಟ್ಟೆ ಕಟ್ಟಿಕೊಂಡು ಕೂತದ್ದು ಎಂಬ ಸರಪಣಿಯಲ್ಲಿ ಅವರು ಸಿಕ್ಕಿಕೊಂಡಿರುತ್ತಾರೆ. ಪೊರೆ ಬರುವುದು ಪಾಪೆಯ ಹಿಂದಿನ ಮಸೂರದಲ್ಲಿ, ನೊಣವಿರುವುದು ಅದಕ್ಕೂ ಹಿಂದೆ, ಎರಡಕ್ಕೂ ಸಂಬಂಧವಿಲ್ಲ. ಆದರೂ ಇದು ಹೊರಗಿನ ಕಾರಣ. ನಿಜವಾದ ಭಯ ಕುರುಡಾಗುವುದರದ್ದಲ್ಲ, "ಏನೂ ಇಲ್ಲ" ಎನಿಸಿಕೊಳ್ಳುವುದರದ್ದು. ನಿವೃತ್ತಿಯ ನಂತರ ಮನೆಯಲ್ಲಿ ಯಾರೂ ಅಭಿಪ್ರಾಯ ಕೇಳದಿದ್ದ ಮನುಷ್ಯನಿಗೆ ದಿನಕ್ಕೆರಡು ಬಾರಿ "ಈವತ್ತು ಹೇಗಿದೆ?" ಎಂದು ವಿಚಾರಿಸಿಕೊಳ್ಳುವ ಯೋಗ ಈ ನೊಣದಿಂದ ಬಂದಿರುವಾಗ, ಅದನ್ನು ಕಳೆದುಕೊಳ್ಳಲು ಹಿಂಜರಿಯುವುದು ಸಹಜ.

ಕೊನೆಗೆ ಮನೆಯಾಕೆಯೇ ಆಟೋ ತರಿಸಿ ಕೂರಿಸುತ್ತಾಳೆ. ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಹನಿ ಬಿಟ್ಟು, ಕಣ್ಣು ಮುಚ್ಚಿಕೊಂಡು ಅರ್ಧ ಗಂಟೆ ಬೆಂಚಿನ ಮೇಲೆ ಕೂರಲು ಹೇಳುತ್ತಾರೆ. ಪಾಪೆ ಅಗಲವಾದರೆ ಮಾತ್ರ ಅಕ್ಷಿಪಟಲದ ಅಂಚಿನವರೆಗೆ ಇಣುಕಿ ನೋಡಲು ಸಾಧ್ಯ. ಈ ಬೆಂಚಿಗೆ ಸಮನಾದ ಸಭೆ ನಾಡಿನಲ್ಲಿ ಇನ್ನೊಂದಿಲ್ಲ: ಸಭಿಕರೆಲ್ಲರ ಕಣ್ಣು ಮುಚ್ಚಿರುತ್ತದೆ, ಯಾರಿಗೂ ಪತ್ರಿಕೆ ಓದಲಾಗದು, ಫೋನ್ ನೋಡಲಾಗದು, ಎದ್ದು ಹೋಗಲಾಗದು. ನೊಣದರ್ಶಿಗಳು ತಮ್ಮ ನೊಣದ ಪೂರ್ವೋತ್ತರವನ್ನು ಸಾದ್ಯಂತವಾಗಿ ನಿರೂಪಿಸಿ ಮುಗಿಸುವಷ್ಟರಲ್ಲಿ ಎಡಪಕ್ಕದವರು ನಿದ್ದೆ ಹೋಗಿರುವುದು, ಅವರ ಕಣ್ಣೂ ಮುಚ್ಚಿಯೇ ಇದ್ದುದರಿಂದ, ಗೊರಕೆ ಬರುವವರೆಗೆ ತಿಳಿಯುವುದಿಲ್ಲ.

ವೈದ್ಯೆ ಚಿಕ್ಕ ವಯಸ್ಸಿನವಳು. ತಲೆಗೆ ದೀಪದ ಪಟ್ಟಿ ಕಟ್ಟಿಕೊಂಡು, ಕೈಯಲ್ಲೊಂದು ಮಸೂರ ಹಿಡಿದು, "ಮೇಲೆ ನೋಡಿ, ಕೆಳಗೆ ನೋಡಿ, ಕಿವಿ ಕಡೆ, ಮೂಗಿನ ಕಡೆ" ಎಂದು ಅಷ್ಟದಿಕ್ಕುಗಳನ್ನೂ ತೋರಿಸಿ, "ಏನೂ ಇಲ್ಲ ಸಾರ್, ವಯಸ್ಸಿಗೆ ಬರೋದು. ಮಿದುಳೇ ಇದನ್ನ ಮರೆತುಬಿಡುತ್ತೆ" ಎನ್ನುತ್ತಾಳೆ. ಹನಿ ಬೇಡ, ಮಾತ್ರೆ ಬೇಡ. ಲೋಳೆಯನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆ ಇದೆಯಾದರೂ ಇಷ್ಟಕ್ಕೆ ಅದರ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದು ಸಲ್ಲ. ನೊಣದರ್ಶಿಗಳು ಕೊನೆಯ ಆಸೆಯಿಂದ "ಪಥ್ಯ ಏನಮ್ಮಾ?" ಎಂದು ಕೇಳುತ್ತಾರೆ. "ಏನೂ ಇಲ್ಲ, ಎಲ್ಲಾ ತಿನ್ನಿ" ಎಂಬ ಉತ್ತರ ಅವರನ್ನು ಕುಗ್ಗಿಸುತ್ತದೆ. ಬದನೆಕಾಯಿಯನ್ನೂ ಬಿಡಿಸಲಾರದ ರೋಗವನ್ನು ರೋಗವೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಹೇಗೆ? ಆದರೆ ಹೊರಡುವಾಗ ಆಕೆ ಹೇಳಿದ ಇನ್ನೊಂದು ಮಾತನ್ನು ಅವರು ಅಕ್ಷರಶಃ ನೆನಪಿಟ್ಟುಕೊಳ್ಳುತ್ತಾರೆ: ನೊಣಗಳು ಒಮ್ಮೆಲೇ ಹಿಂಡಾಗಿ ಬಂದರೆ, ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾದರೆ, ಪಕ್ಕದಿಂದ ಪರದೆ ಎಳೆದಂತೆ ನೋಟ ಮುಚ್ಚಿದರೆ, ಆ ದಿನವೇ ಬರಬೇಕು. ಲೋಳೆ ಕುಗ್ಗುತ್ತ ಅಕ್ಷಿಪಟಲವನ್ನು ಜಗ್ಗಿದಾಗ ಮಿಂಚು ಕಾಣುತ್ತದೆ. ಜಗ್ಗಿ ಹರಿದರೆ ಆ ಸೀಳಿನೊಳಗೆ ನೀರು ನುಗ್ಗಿ ಪಟಲವೇ ಗೋಡೆಯಿಂದ ಕಳಚಿಕೊಳ್ಳಬಹುದು. ಮಿದುಳು ಮರೆಯುತ್ತದೆಂಬ ಭರವಸೆ ಮಾತ್ರ ಇವರ ವಿಷಯದಲ್ಲಿ ಸಫಲವಾಗುವುದಿಲ್ಲ, ಏಕೆಂದರೆ ಪ್ರತಿದಿನ ಬೆಳಿಗ್ಗೆ ಆಕಾಶಕ್ಕೆ ಮುಖವೊಡ್ಡಿ ಅದಕ್ಕೆ ನೆನಪು ಮಾಡಿಕೊಡುವವರು ಇವರೇ.

ಪರೀಕ್ಷೆ ಮುಗಿಸಿ ಬಂದ ನೊಣದರ್ಶಿಗಳು ರೋಗಿಯ ಪದವಿಯಿಂದ ಸಲಹೆಗಾರನ ಪದವಿಗೆ ಏರುತ್ತಾರೆ. ಅವರ ಜ್ಞಾನ ವ್ಯರ್ಥವೆನ್ನಲಾಗದು. ವಾಕಿಂಗಿನ ಜೊತೆಗಾರರೊಬ್ಬರು ರಾತ್ರಿಯಿಂದ ಎಡಗಣ್ಣಿನಲ್ಲಿ ಮಸಿ ಉದುರಿದಂತಿದೆ, ಮೂಲೆಯಲ್ಲಿ ಮಿಂಚುತ್ತಿದೆ ಎಂದೊಡನೆ, ಅವರು ಹಿಡಿದಿದ್ದ ಕಾಫಿಯ ಲೋಟವನ್ನು ಕಸಿದಿಟ್ಟು, "ಏಳ್ರೀ ಸ್ವಾಮಿ, ಈಗಲೇ" ಎಂದು ಆಟೋಗೆ ತಳ್ಳುವಷ್ಟು ಚುರುಕು ಅವರಲ್ಲಿದೆ. ವೈದ್ಯೆ ನೋಡುತ್ತಾಳೆ, ಅಕ್ಷಿಪಟಲದ ಅಂಚಿನಲ್ಲಿ ಸೀಳು, ಅಂದೇ ಲೇಸರ್ ಕಿರಣದಿಂದ ಸೀಳಿನ ಸುತ್ತ ಬೆಸುಗೆ ಹಾಕಿ, ಸಂಜೆಗೆ ಮನೆಗೆ ಕಳುಹಿಸುತ್ತಾಳೆ. ಮೊದಲೆರಡು ದಿನ ಉದ್ಯಾನದಲ್ಲಿ ನೊಣದರ್ಶಿಗಳ ಕೀರ್ತಿ ಉಚ್ಛ್ರಾಯದಲ್ಲಿರುತ್ತದೆ. ಮೂರನೆಯ ದಿನದಿಂದ ಅವರ ಮುಖ ಬಾಡುತ್ತದೆ. ಜೊತೆಗಾರರ ಮನೆಗೆ ಮೋಸಂಬಿ ಹಿಡಿದು ಜನ ಬರುತ್ತಿದ್ದಾರೆ, ಭಾರ ಎತ್ತಬಾರದೆಂಬ ನಿಯಮವೂ ಅವರಿಗೆ ಸಿಕ್ಕಿದೆ, ಸೊಸೆಯೇ ನೀರಿನ ಬಿಂದಿಗೆ ಒಯ್ಯುತ್ತಾಳಂತೆ. ವಾರ ಕಳೆಯುವುದರೊಳಗೆ ನೊಣದರ್ಶಿಗಳು ಮತ್ತೆ ಆಸ್ಪತ್ರೆಯ ಬೆಂಚಿನ ಮೇಲೆ ಹನಿ ಬಿಡಿಸಿಕೊಂಡು ಕೂತಿರುತ್ತಾರೆ, ಸರದಿ ಬಂದಾಗ ಒಳಹೋಗಿ, ಗದ್ದವನ್ನು ತಾವಾಗಿಯೇ ಯಂತ್ರಕ್ಕೆ ಊರಿ, ವಿನಯದಿಂದಲೇ ವಿನಂತಿಸುತ್ತಾರೆ: "ನಂದೂ ಇನ್ನೊಂದ್ಸಲ ಸರಿಯಾಗಿ ನೋಡಮ್ಮಾ. ಅಂಚಿನಲ್ಲಿ ಎಲ್ಲಾದ್ರೂ ಒಂಚೂರು ಹರಿದಿರಬಹುದು."