ಚಿಂತಾಮಣಿಯ ಝಾನ್ಸಿ ಮೈದಾನದಿಂದ ಅಂಜು ಬಾಬಿ ಜಾರ್ಜ್ ಅವರಿಗೊಂದು ಬಹಿರಂಗ ಪತ್ರ



ನಾನು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹೈಸ್ಕೂಲುಗಳಲ್ಲಿ ಇಪ್ಪತ್ತಾರು ವರ್ಷ ಮಕ್ಕಳನ್ನು ಓಡಿಸಿ, ಜಿಗಿಸಿ ಈಗ ನಿವೃತ್ತಳಾಗಿರುವ ಪಿ.ಟಿ. ಟೀಚರು. ನಿಮ್ಮನ್ನು ಒಮ್ಮೆಯೂ ಭೇಟಿಯಾಗಿಲ್ಲ. ಆದರೂ ಈ ಪತ್ರವನ್ನು ನಿಮಗೇ, ಅದೂ ನಾಲ್ಕು ಜನ ಓದುವಂತೆ ಬರೆಯುವುದಕ್ಕೆ ಒಂದು ಊರಿನ ಹೆಸರು ಕಾರಣ.

ಚಿಂತಾಮಣಿಯಲ್ಲಿ ನಮ್ಮ ಮಕ್ಕಳು ಓಡುವ ಮೈದಾನಕ್ಕೆ ಝಾನ್ಸಿ ಕ್ರೀಡಾಂಗಣವೆಂದು ಹೆಸರು. ಉದ್ದ ಜಿಗಿತದಲ್ಲಿ ನಿಮ್ಮ ಶಿಷ್ಯೆಯಾದ ಶೈಲಿ ಸಿಂಗ್ ಉತ್ತರಪ್ರದೇಶದ ಝಾನ್ಸಿಯವಳು. ತಾಯಿ ಬಟ್ಟೆ ಹೊಲಿದು ಸಾಕಿದ ಮಗಳು. ನೀವೂ ನಿಮ್ಮ ಯಜಮಾನರೂ ಅವಳನ್ನು ಬೆಂಗಳೂರಿನಲ್ಲಿ ಬೆಳೆಸಿದಿರಿ. 2021ರ ಆಗಸ್ಟ್‌ನಲ್ಲಿ ನೈರೋಬಿಯ ಜೂನಿಯರ್ ವಿಶ್ವ ಕೂಟದಲ್ಲಿ ಅವಳು 6.59 ಮೀಟರ್ ಹಾರಿ ಬೆಳ್ಳಿ ತಂದಳು. ಚಿನ್ನ ಗೆದ್ದ ಸ್ವೀಡನ್ ಹುಡುಗಿಯದು 6.60. 2023ರಲ್ಲಿ ಬೆಂಗಳೂರಿನಲ್ಲೇ 6.76ಕ್ಕೆ ಏರಿದಳು. ಆ ಝಾನ್ಸಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಗೂ ಮೀರಿದ ದಾರಿ. ಈ ಝಾನ್ಸಿಯಿಂದ ಬಸ್ಸಿನಲ್ಲಿ ಎರಡು ಗಂಟೆ ಚಿಲ್ಲರೆ. ನನ್ನ ಕೈಯಲ್ಲಿ ಕಲಿತವರಲ್ಲಿ ಒಬ್ಬಳೂ ಆ ಎರಡು ಗಂಟೆಯ ದಾರಿ ದಾಟಲಿಲ್ಲ. ಏಕೆ ಎಂದು ನಿವೃತ್ತಿಯಾದ ಮೇಲೆ ದಿನವೂ ಯೋಚಿಸಿದ್ದೇನೆ.

ಮೊದಲು ಮರಳಿನ ಮಾತು. ನಾನು ಕೆಲಸಕ್ಕೆ ಸೇರಿದಾಗ ಜಿಗಿತದ ಗುಂಡಿಗೆ ಮರಳು ಬೇಕೆಂದರೆ ಊರಿನವರೇ ಗಾಡಿ ಕಟ್ಟಿಕೊಂಡು ಹೋಗಿ ತುಂಬಿ ತರುತ್ತಿದ್ದರು. ಗೌರಿಬಿದನೂರಿನ ಉತ್ತರ ಪಿನಾಕಿನಿ, ಈಚೆ ಕಡೆಯ ಚಿತ್ರಾವತಿ, ಪಾಪಾಗ್ನಿ, ಇವು ನೀರಿಗೆ ಬಡ ಹೊಳೆಗಳಾದರೂ ಮರಳಿಗೆ ಬಡವಾಗಿರಲಿಲ್ಲ. ಆಮೇಲೆ ಬೆಂಗಳೂರು ಬೆಳೆಯಿತು, ರಾತ್ರಿಯೆಲ್ಲ ಲಾರಿ ಓಡಿದವು. ಹೊಳೆ ಬರಿದಾದ ಮೇಲೆ ಕೆರೆಯ ಮಣ್ಣನ್ನೇ ತೊಳೆದು ಫಿಲ್ಟರ್ ಮರಳು ಮಾಡಿದರು. ಈಗ ಸಿಗುವುದು ಕ್ರಷರ್‌ನ ಎಂ-ಸ್ಯಾಂಡ್. ಅದರ ಹರಳಿಗೆ ಮೂಲೆಗಳಿರುತ್ತವೆ, ಒಂದಕ್ಕೊಂದು ಕಚ್ಚಿ ಕೂರುತ್ತದೆ, ಕಾಂಕ್ರೀಟಿಗೆ ಅದೇ ಬೇಕು. ಹುಡುಗಿಯ ತೊಡೆಯನ್ನೂ ಅದು ಹಾಗೆಯೇ ಕಚ್ಚುತ್ತದೆ. ಹೊಳೆಯ ಮರಳು ಗುಂಡಗೆ ಸವೆದಿರುತ್ತದೆ, ಬಿದ್ದವಳಿಗೆ ಜಾಗ ಬಿಡುತ್ತದೆ. ಒಮ್ಮೆ ತೊಡೆ ತರಚಿಕೊಂಡವಳು ಮುಂದಿನ ಸಲ ಕಾಲನ್ನು ಮುಂದಕ್ಕೆ ಚಾಚುವುದಿಲ್ಲ, ಹೆದರಿ ನಿಂತುಕೊಂಡೇ ಇಳಿಯುತ್ತಾಳೆ. ಅಲ್ಲೇ ಒಂದು ಗೇಣು ಹೋಯಿತು. ಆ ಮರಳಾದರೂ ವರ್ಷವಿಡೀ ಇರುತ್ತದೆಯೇ ಎಂದರೆ, ಕ್ರೀಡಾಕೂಟದ ಹಿಂದಿನ ದಿನ ಗುಂಡಿ ಅಗೆಯುತ್ತೇವೆ, ಕೂಟ ಮುಗಿದ ತಿಂಗಳಿಗೆ ಅಲ್ಲಿ ಪಾರ್ಥೇನಿಯಂ ಬೆಳೆದಿರುತ್ತದೆ.

ಎರಡನೆಯದು ಹುಳುವಿನ ಮನೆ. ಶಿಡ್ಲಘಟ್ಟದ ಸುತ್ತ ರೇಷ್ಮೆ ಸಾಕದ ಊರು ಕಡಿಮೆ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಮೇಲೆ ಗೂಡು ಕಟ್ಟುವವರೆಗಿನ ಏಳೆಂಟು ದಿನ ಅದರ ಹಸಿವು ಹೇಳತೀರದು. ಒಂದು ಬೆಳೆಯ ಸೊಪ್ಪಿನಲ್ಲಿ ಬಹುಪಾಲು ಆ ದಿನಗಳಲ್ಲೇ ಖಾಲಿ. ಆಗ ಮನೆಯಲ್ಲಿ ಎಷ್ಟು ಕೈಯಿದ್ದರೂ ಸಾಲದು. “ಮಿಸ್, ಹುಳ ಜ್ವರ ಎದ್ದೈತೆ, ಸೊಪ್ಪು ಕುಯ್ಯೋಕೆ ಹೋಗ್ಬೇಕು, ಅಮ್ಮ ಬಿಡಲ್ಲ.” ಈ ಮಾತನ್ನು ಎಷ್ಟು ಹುಡುಗಿಯರ ಬಾಯಲ್ಲಿ ಕೇಳಿದ್ದೇನೋ. ಆ ತಾಯಂದಿರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಹುಳು ಗೂಡು ಕಟ್ಟುವ ಚಂದ್ರಂಕಿ ಹೊತ್ತು ಬೆಳೆದವಳು. ಗೂಡು ಮಾರಿದ ದುಡ್ಡಿನಲ್ಲೇ ನನ್ನ ಓದೂ ನಡೆದದ್ದು.

ಈಗ ನಾನು ಹೇಳಬೇಕಾದ ಮುಖ್ಯ ಸಂಗತಿಗೆ ಬರುತ್ತೇನೆ. ಸರ್ಬಿಯಾದ ಉದ್ದ ಜಿಗಿತಗಾರ್ತಿ ಇವಾನಾ ವುಲೆಟಾ, ಮದುವೆಗೆ ಮುಂಚೆ ಶ್ಪಾನೊವಿಚ್, ಯಾರೆಂದು ನಿಮಗೆ ಹೇಳಬೇಕಿಲ್ಲ. ನನ್ನ ಊರಿನ ತಂದೆತಾಯಂದಿರಿಗಾಗಿ ಹೇಳುತ್ತೇನೆ. ಕರ್ನಾಟಕದ ಜನಸಂಖ್ಯೆಯ ಎಂಟನೇ ಒಂದು ಪಾಲೂ ಇಲ್ಲದ ದೇಶ ಅದು. ಅಲ್ಲಿ 1990ರಲ್ಲಿ ಹುಟ್ಟಿದ ಈ ಹುಡುಗಿ 2008ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದಳು. 2013 ಮತ್ತು 2015ರ ವಿಶ್ವ ಕೂಟಗಳಲ್ಲಿ ಕಂಚು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 7.08 ಮೀಟರ್ ಹಾರಿ ಮತ್ತೆ ಕಂಚು. 2017ರಲ್ಲಿ ಬೆಲ್‌ಗ್ರೇಡ್‌ನ ಒಳಾಂಗಣದಲ್ಲಿ ತನ್ನ ಜನರ ಎದುರು 7.24.

ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್ ವಿಶ್ವ ಕೂಟ. ಅವಳ ಕೊನೆಯ ಜಿಗಿತ ನೋಡಿದವರ ಕಣ್ಣಿಗೆ ಏಳು ಮೀಟರ್ ದಾಟಿತ್ತು. ಅಳತೆ ಬಂದದ್ದು 6.91. ಬೆನ್ನಿಗೆ ಕಟ್ಟಿದ್ದ ನಂಬರಿನ ಚೀಟಿ ಸಡಿಲಾಗಿ ಹಿಂದಕ್ಕೆ ಇಳಿಬಿದ್ದು ಮರಳಿಗೆ ತಾಗಿತ್ತೆಂದು ಅವಳ ಕಡೆಯವರು ಹೇಳಿದರು. ದೂರನ್ನು ಮಾನ್ಯ ಮಾಡಲಿಲ್ಲ. ಅದಕ್ಕೂ ಮುಂಚೆ ಹಾರಿದ್ದ 6.96ಕ್ಕೆ ನಾಲ್ಕನೇ ಸ್ಥಾನ. ಕಂಚು ಹೋದದ್ದು 6.97ಕ್ಕೆ. ಆ ಸುದ್ದಿ ಓದಿದ ದಿನ ನನಗೆ ನನ್ನ ಒಬ್ಬ ಹುಡುಗಿಯ ಎರಡು ಜಡೆ ನೆನಪಾಯಿತು. ಜಿಲ್ಲಾ ಕೂಟದಲ್ಲಿ ಅವಳ ಜಡೆಯ ರಿಬ್ಬನ್ ಹಿಂದೆ ಮರಳಿಗೆ ತಾಗಿ ಗುರುತು ಬಿದ್ದಿತ್ತು. ಹಲಗೆಗೆ ಹತ್ತಿರದ ಗುರುತಿನಿಂದಲೇ ಅಳೆಯಬೇಕಲ್ಲ, ಮೊದಲನೆಯವಳಾಗಬೇಕಿದ್ದವಳು ಮೂರನೆಯವಳಾದಳು. ಜಡೆ ಮಡಿಸಿ ಕಟ್ಟಿಸದಿದ್ದದ್ದು ನನ್ನ ತಪ್ಪು. ಅವಳು ಆಗ ಹತ್ತನೇ ತರಗತಿ. ಎಸ್ಸೆಸ್ಸೆಲ್ಸಿ ಮುಗಿಯಿತು, ಜಿಗಿತವೂ ಮುಗಿಯಿತು.

ಇವಾನಾಳಿಗೆ ಮುಗಿಯಲಿಲ್ಲ, ವ್ಯತ್ಯಾಸ ಅಷ್ಟೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮತ್ತೆ ನಾಲ್ಕನೆಯವಳಾದಳು, ಮತ್ತೆ ಬಂದಳು. 2023ರಲ್ಲಿ ಬುಡಾಪೆಸ್ಟ್‌ನಲ್ಲಿ 7.14 ಹಾರಿ ವಿಶ್ವ ಚಾಂಪಿಯನ್ ಆದಾಗ ಅವಳಿಗೆ 33 ವರ್ಷ. ನೀವು ಪ್ಯಾರಿಸ್‌ನಲ್ಲಿ 6.70 ಜಿಗಿದು ದೇಶಕ್ಕೆ ವಿಶ್ವ ಕೂಟದ ಮೊದಲ ಪದಕ ತಂದಾಗ 26, ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ದೇಶದ ದಾಖಲೆಯಾದ 6.83 ಜಿಗಿದಾಗ 27. ನಮ್ಮ ಹುಡುಗಿಯ ಜಿಗಿತದ ಆಯುಷ್ಯ ಎಂಟನೇ ತರಗತಿಯಿಂದ ಹತ್ತನೆಯವರೆಗೆ, ಮೂರೇ ವರ್ಷ. ಕಾಲಿನ ಮೂಳೆ ಬಲಿಯುವ ಮೊದಲೇ ಅವಳನ್ನು ನಿಲ್ಲಿಸಿಬಿಡುತ್ತೇವೆ, ಆಮೇಲೆ ನಮ್ಮಲ್ಲಿ ಪ್ರತಿಭೆಯಿಲ್ಲ ಅನ್ನುತ್ತೇವೆ.

ಮುಂದೆ ಹೋದವರ ದಾರಿಯೂ ಸುಲಭವಲ್ಲ, ಬಲ್ಲೆ. ನಮ್ಮ ರಾಜ್ಯದ ಐಶ್ವರ್ಯಾ 2022ರ ಜೂನ್‌ನಲ್ಲಿ ಚೆನ್ನೈನಲ್ಲಿ 6.73 ಜಿಗಿದಳು, ಟ್ರಿಪಲ್ ಜಂಪ್‌ನಲ್ಲಿ 14.14. ಕುಣಿದಾಡುವಷ್ಟು ಸಂತೋಷಪಟ್ಟೆ. ಅದೇ ಕೂಟದ ಪರೀಕ್ಷೆಯಲ್ಲಿ ಓಸ್ಟರಿನ್ ಎಂಬ ನಿಷೇಧಿತ ವಸ್ತು ಸಿಕ್ಕಿ ನಾಲ್ಕು ವರ್ಷ ಹೊರಗುಳಿಯಬೇಕಾಯಿತು. ಇನ್ನೊಬ್ಬರ ಮದ್ದಿನಿಂದ ಆಗುವ ನಷ್ಟ ಎಂಥದ್ದೆಂದು ನಿಮಗೆ ಗೊತ್ತು: 2005ರ ಮೊನಾಕೋ ಕೂಟದ ನಿಮ್ಮ ಬೆಳ್ಳಿ ಚಿನ್ನವಾಗಲು, ರಷ್ಯಾದ ಕೊಟೋವಾ ಸಿಕ್ಕಿಬೀಳುವವರೆಗೆ ವರ್ಷಗಟ್ಟಲೆ ಕಾಯಬೇಕಾಯಿತು. ಯಾವ ಗುಳಿಗೆಯನ್ನೂ ಯಾರದೋ ಮಾತು ಕೇಳಿ ನುಂಗಬಾರದು ಎಂಬುದನ್ನು ಹೈಸ್ಕೂಲಿನಲ್ಲೇ ಕಲಿಸಬೇಕಿತ್ತು. ನಾನೂ ಕಲಿಸಲಿಲ್ಲ.

ಅಂಜು ಅವರೇ, ಅಕಾಡೆಮಿ ಕಟ್ಟಿಕೊಡಿ ಎಂದು ಕೇಳುತ್ತಿಲ್ಲ. ವರ್ಷಕ್ಕೊಂದು ದಿನ ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ, ಗೌರಿಬಿದನೂರು ಈ ನಾಲ್ಕು ತಾಲ್ಲೂಕುಗಳ ಹುಡುಗಿಯರ ಜಿಗಿತವನ್ನು ನೀವು ಬಂದು ಅಳೆಯಿರಿ. ಚಿಕ್ಕಬಳ್ಳಾಪುರದವರು, ಗೌರಿಬಿದನೂರಿನವರು ಬಸ್ಸು ಹತ್ತಿ ಚಿಂತಾಮಣಿಗೆ ಬರುತ್ತಾರೆ. ಮುಂದಿನ ವರ್ಷವೂ ಬರುತ್ತೀರಿ ಎಂದು ಗೊತ್ತಾದರೆ ಗುಂಡಿಯಲ್ಲಿ ಪಾರ್ಥೇನಿಯಂ ಬೆಳೆಯಲು ಯಾರೂ ಬಿಡುವುದಿಲ್ಲ. ಹತ್ತನೇ ತರಗತಿ ಮುಗಿಸಿದವಳನ್ನೂ ಕಳಿಸಿ ಎಂದು ನಾನೇ ಮನೆಮನೆಗೆ ಹೋಗಿ ಹೇಳುತ್ತೇನೆ. ನೀವು ಕೇಳಿದ್ದೀರಿ ಎಂದರೆ ಆ ತಾಯಂದಿರು ಕಳಿಸುತ್ತಾರೆ.

ದಿನ ಗೊತ್ತುಮಾಡುವ ಮುನ್ನ ನನಗೊಂದು ಮಾತು ತಿಳಿಸಿ, ಯಾವ ಊರಲ್ಲಿ ಹುಳು ಜ್ವರ ಎದ್ದಿದೆ ಎಂದು ವಿಚಾರಿಸಬೇಕು. ಬರುವಾಗ ಒಂದು ಒಳ್ಳೆಯ ಟೇಪು ತನ್ನಿ. ನನ್ನ ಹತ್ತಿರ ಇರುವುದರ ತುದಿ ಹರಿದುಹೋಗಿ, ಒಂದು ಮೀಟರಿನ ಗೆರೆಯಿಂದ ಹಿಡಿದು ಕೊನೆಗೆ ಒಂದು ಕಳೆಯುತ್ತಿದ್ದೇವೆ. ಮರಳನ್ನು ನಾನು ಹಿಂದಿನ ಸಂಜೆಯೇ ಜರಡಿ ಹಿಡಿದು ನೆನೆಸಿಟ್ಟಿರುತ್ತೇನೆ.

ಇಂತಿ,
ಒಬ್ಬ ಹಳೆಯ ಪಿ.ಟಿ. ಟೀಚರು, ಶಿಡ್ಲಘಟ್ಟ