ಮೀನಿಗೆ ಏನು ತಗೊಂಡ್ರಿ?

ನಮ್ಮ ಶ್ರೀರಾಂಪುರದಲ್ಲಿ ಕಾಂಪೌಂಡ್ ಅನ್ನೋದು ಹೆಸರಿಗೆ ಮಾತ್ರ. ನಮ್ಮನೇಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಪಕ್ಕದ್ಮನೆ ಮೇಷ್ಟ್ರು ಸೀನ್ತಾರೆ. ಹಾಗಿರುವಾಗ ಅವರೂ ಅವರ ಮನೆಯಾಕೆ, ಅಂದ್ರೆ ನಾನು ಅಕ್ಕ ಅನ್ನೋರೂ ಅಮೆರಿಕದ ಮಗಳ ಮನೆಗೆ ಹೋಗಿ, ಅಲ್ಲಿಂದ ಮಿಕ್ಕಿ ಮೌಸ್ ಹಡಗು ಹತ್ತಿ ಮೂರು ರಾತ್ರಿ ಸಮುದ್ರದ ಮೇಲೆ ಮಲಗಿ ಎದ್ದು ಬಂದ ಸಮಾಚಾರ ನನಗೆ ತಿಳಿಯದೆ ಇರುತ್ತಾ? ಬಂದು ಎರಡು ತಿಂಗಳಾಯ್ತು. ಹಡಗು ಆವತ್ತೇ ದಡ ಸೇರಿತು, ಅಕ್ಕನ ಕಥೆ ಇನ್ನೂ ನಡುನೀರಲ್ಲೇ ಇದೆ. ದಿನಾ ಬಟ್ಟೆ ಒಣಹಾಕುವ ಹೊತ್ತಿಗೆ ಒಂದೊಂದು ಕಂತು.

ಶುರುವಾಗಿದ್ದೇ ಮೀನಿನಿಂದ. ಇಲ್ಲಿಂದ ಹೊರಡೋಕೆ ಮುಂಚೆ ಮಗಳು ಫೋನಲ್ಲಿ, "ಅಮ್ಮಾ, ಹಡಗಲ್ಲಿ ಮೀನಿಗೆ ಹಾಕೋಕೆ ಏನಾದ್ರೂ ಬೇಕಾಗುತ್ತೆ, ಊರಿಂದ್ಲೇ ತಗೊಂಡ್ಬಾ" ಅಂದಳಂತೆ. ಅಕ್ಕ ಮೀನು ಮುಟ್ಟೋರಲ್ಲ. ಆದರೆ ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕದೆ ಬಂದೋರೂ ಅಲ್ಲ. ಸಮುದ್ರದ ಮೀನು ದೊಡ್ಡದಿರುತ್ತೆ ಅಂತ ಲೆಕ್ಕ ಹಾಕಿ ಎರಡು ಸೇರು ಪುರಿ ಕಟ್ಟಿಸಿದರು. "ಮೀನಿಗೆ ಏನು ತಗೊಂಡ್ರಿ?" ಅಂತ ಮಗಳು ವಿಡಿಯೋದಲ್ಲಿ ಕೇಳಿದಾಗ ಚೀಲ ಎತ್ತಿ ತೋರಿಸಿದ್ರೆ ಅವಳಿಗೆ ನಗು ತಡೆಯಲಾಗಲಿಲ್ಲ, ಫೋನೇ ಕೆಳಗೆ ಬಿತ್ತಂತೆ.

ವಿಷಯ ಏನಪ್ಪಾ ಅಂದ್ರೆ, ಡಿಸ್ನಿ ಹಡಗಿನಲ್ಲಿ ಪ್ರತಿ ಕೋಣೆಯ ಬಾಗಿಲ ಪಕ್ಕ ಮೀನಿನ ಆಕಾರದ ಒಂದು ಲೋಹದ ಕೊಂಡಿ ಇರುತ್ತೆ. ಕೆಲವು ಕಡೆ ನಕ್ಷತ್ರಮೀನು, ಕೆಲವು ಕಡೆ ಸಮುದ್ರಕುದುರೆ. ಹಡಗಿನವರು ಚೀಟಿ ಗೀಟಿ ಸಿಕ್ಕಿಸಲಿ ಅಂತ ಮಾಡಿದ್ದು. ಪ್ರಯಾಣಿಕರು ಬಿಡ್ತಾರಾ? ಆ ಮೀನಿನ ಬಾಲಕ್ಕೆ ಜೇಬು ಜೇಬಾಗಿ ಹೊಲಿದ ಬಟ್ಟೆಯೊಂದನ್ನ ತೂಗುಹಾಕಿದರು. ನಮ್ಮ ಹಳೇ ಮನೆಗಳಲ್ಲಿ ಕಾಗದ ಪತ್ರ ಇಡೋಕೆ ಗೋಡೆಗೆ ನೇತುಹಾಕ್ತಿದ್ದ ಬಟ್ಟೆ ಚೀಲ ಇತ್ತಲ್ಲ, ಥೇಟ್ ಅದೇ. ಹೆಸರು 'ಫಿಶ್ ಎಕ್ಸ್‌ಟೆಂಡರ್'. ಹೊರಡೋಕೆ ಮುಂಚೆಯೇ ಹತ್ತು ಹನ್ನೆರಡು ಕೋಣೆಯವರು ಪಟ್ಟಿ ಮಾಡ್ಕೋತಾರೆ, ಇವರು ಅವರ ಜೇಬಿಗೆ, ಅವರು ಇವರ ಜೇಬಿಗೆ ಸಣ್ಣಪುಟ್ಟ ಉಡುಗೊರೆ ಹಾಕ್ಬೇಕು. ಸಾಮಾನ್ಯವಾಗಿ ಬಾಗಿಲು ತಟ್ಟದೆ, ಸದ್ದಿಲ್ಲದೆ ಹೋಗಿ ಇಟ್ಟು ಬರ್ತಾರೆ. ಕಂಪನಿಯವರ ರೂಲ್ಸ್ ಅಲ್ಲ ಇದು, ಹತ್ತಿದೋರೇ ಮಾಡಿಕೊಂಡ ಶಾಸ್ತ್ರ.

"ಎಳ್ಳು ಬೀರೋದು ಕಣ್ರೀ, ಅಷ್ಟೇ" ಅಂದ್ರು ಅಕ್ಕ. ಸಂಕ್ರಾಂತಿಗೆ ನಾವು ಎದುರುಮನೆಗೆ ಕೊಟ್ಟ ಡಬ್ಬ ಖಾಲಿ ವಾಪಸ್ ಬರುತ್ತಾ? ಒಂದು ಕಬ್ಬಿನ ತುಂಡೋ ಎರಡು ಸಕ್ಕರೆ ಅಚ್ಚೋ ಇದ್ದೇ ಇರುತ್ತೆ, ಅಲ್ವಾ? ಪುರಿ ನಮ್ಮನೆ ಚುರುಮುರಿಗೆ ಬಂತು, ಅಕ್ಕ ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೋಗಿ ಒಂದು ಡಜನ್ ಚನ್ನಪಟ್ಟಣದ ಬುಗುರಿ ತಂದರು. ಅರಗಿನ ಬಣ್ಣ, ಹಾಲೆ ಮರ, ಹಗುರ. ಎಲ್ಲಾ ಸರಿ, ಆ ಕದ್ದುಮುಚ್ಚಿ ಇಡೋದು ಮಾತ್ರ ಅವರ ಮನಸ್ಸಿಗೆ ಒಗ್ಗಲಿಲ್ಲ. "ಕೊಡೋರ ಮುಖ ಕಾಣದೆ ಇದ್ರೆ ಅದೆಂಥ ಬಾಗಿನ?" ಅಂತ ಪ್ರತಿ ಕೋಣೆಯ ಬಾಗಿಲು ತಟ್ಟಿದರು. ಒಬ್ಬ ಅಜ್ಜಿ ತಲೆಗೆ ಟವೆಲ್ ಸುತ್ಕೊಂಡೇ ಬಾಗಿಲು ತೆಗೆದಳಂತೆ. ಭಾಷೆ ಬರಲ್ಲ, ಬುಗುರಿ ಮಾತ್ರ ಕಾರಿಡಾರಲ್ಲಿ ಗಿರ್ರನೆ ತಿರುಗಿತು. ಆಮೇಲೆ ಆ ಅಜ್ಜಿಗೂ ಇವರಿಗೂ ಏನು ದೋಸ್ತಿ ಅಂತೀರಿ!

ಬಾಗಿಲು ಅಂದ್ನಲ್ಲ, ಅದೇ ಇನ್ನೊಂದು ಕಥೆ. ಉದ್ದಾನುದ್ದ ಕಾರಿಡಾರು, ಎರಡೂ ಕಡೆ ಒಂದೇ ಅಚ್ಚಿನ ಬಾಗಿಲು, ಮಕ್ಕಳಿಗೆ ನಮ್ಮದು ಯಾವುದು ಅಂತ ಗೊತ್ತಾಗಬೇಕಲ್ಲ. ಅದಕ್ಕೆ ಎಲ್ಲರೂ ಬಾಗಿಲಿಗೆ ಸಿಂಗಾರ ಮಾಡ್ತಾರೆ. ಬಾಗಿಲು ಲೋಹದ್ದಾದ್ದರಿಂದ ಮ್ಯಾಗ್ನೆಟ್ ಹಚ್ಚಬಹುದು, ಟೇಪು ಗೋಂದು ಅಂಟಿಸೋ ಹಾಗಿಲ್ಲ. ವಠಾರದಲ್ಲಿ ಬೆಳೆದ ಅಕ್ಕನಿಗೆ ಇದೇನು ಹೊಸದಾ? ಅವರು ಚಿಕ್ಕವರಿದ್ದಾಗ ಒಂದೇ ಸಾಲಲ್ಲಿ ಎಂಟು ಮನೆ, ಎಂಟಕ್ಕೂ ಒಂದೇ ಬಣ್ಣ. ಹೊಸಿಲ ಮುಂದಿನ ರಂಗೋಲಿ ನೋಡಿಯೇ ಮನೆ ಗುರುತು ಹಿಡೀಬೇಕು. ಒಂದು ಸಲ ಪಕ್ಕದ ಮನೆಯವರು ಇವರ ಮನೆ ರಂಗೋಲಿನೇ ನೋಡಿ ಬಿಟ್ಟಿದ್ದಕ್ಕೆ, ರಾತ್ರಿ ಪಾಳಿ ಮುಗಿಸಿ ಬಂದ ಇವರ ಚಿಕ್ಕಪ್ಪ ಸೀದಾ ಅವರ ಮನೆಗೆ ಹೋಗಿ ಚಾಪೆ ಹಾಸ್ಕೊಂಡು ಮಲಗಿಬಿಟ್ಟಿದ್ದರಂತೆ! ಎಲ್ಲಿದ್ದೆ? ಹಾಂ, ಬಾಗಿಲು. ಅಕ್ಕ ಪ್ಲಾಸ್ಟಿಕ್ ಮಾವಿನ ತೋರಣದ ಹಿಂದೆ ಫ್ರಿಜ್ಜಿನ ಮ್ಯಾಗ್ನೆಟ್ ಹೊಲಿದು ಕಟ್ಟೇಬಿಟ್ಟರು. ಅಕ್ಕಪಕ್ಕ ಮಿಕ್ಕಿ, ಡೊನಾಲ್ಡು. ನಡುವೆ ನಮ್ಮ ತೋರಣ.

ರಾಹುಕಾಲದ ಪಂಚಾಯ್ತಿ ಬೇರೆ ಆಗಿದೆ. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಬಂದರಿಗೆ ಬನ್ನಿ ಅಂತ ಮೊದಲು ಸಿಕ್ಕ ಸಮಯ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ ಅಂತ ನಿಮಗೆ ಹೇಳಬೇಕಾ? ಬೆಂಗಳೂರಿನ ಹತ್ತೂವರೆಯೋ ಫ್ಲಾರಿಡಾದ ಹತ್ತೂವರೆಯೋ ಅಂತ ಅಳಿಯ ವಾದ ಹೂಡಿದ. ಮಗಳು ತೆಪ್ಪಗೆ ಸಮಯವನ್ನ ಹನ್ನೆರಡೂವರೆಗೆ ಬದಲಾಯಿಸಿದಳು. ಜಾಣೆ. ಅಂದಹಾಗೆ ಆ ಬಿಳಿ ನಾವಿಕರೂ ನಮಗಿಂತ ಕಮ್ಮಿ ಏನಲ್ಲ, ಹಳೇ ಕಾಲದಲ್ಲಿ ಶುಕ್ರವಾರ ಹಡಗು ಬಿಡೋಕೆ ಹೆದರ್ತಿದ್ರಂತೆ. ಈಗಲೂ ಎಷ್ಟೋ ಹಡಗುಗಳಲ್ಲಿ ಹನ್ನೆರಡನೇ ಅಂತಸ್ತು ಆದಮೇಲೆ ಸೀದಾ ಹದಿನಾಲ್ಕು.

ಹತ್ತಿದ ತಕ್ಷಣ ಊಟ ಉಪಚಾರ ಅಂದ್ಕೊಂಡ್ರೆ ಮೊದಲು ಕವಾಯತು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹಡಗು ಕೂಗಿದರೆ ಅಪಾಯ ಅಂತ ಅರ್ಥ, ಎಲ್ಲಿಗೆ ಓಡಬೇಕು, ಜಾಕೆಟ್ ಹೇಗೆ ಹಾಕ್ಕೋಬೇಕು ಅಂತ ಪಾಠ. 2012ರ ಜನವರಿ 13ಕ್ಕೆ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಹೋದರಲ್ಲ, ಆವತ್ತೇ ಹತ್ತಿದ್ದವರಿಗೆ ಈ ಪಾಠ ಇನ್ನೂ ಆಗಿರಲಿಲ್ಲ. ಹತ್ತಿ 24 ಗಂಟೆಯೊಳಗೆ ಮಾಡಿದರೆ ಸಾಕು ಅನ್ನುವುದು ಆಗಿನ ನಿಯಮ. ಆಮೇಲೆ, ಹಡಗು ಹೊರಡೋ ಮುಂಚೆ ಇಲ್ಲವೇ ಹೊರಟ ಕೂಡಲೇ ಆಗಲೇಬೇಕು ಅಂತಾಯ್ತು. ಮೇಷ್ಟ್ರು ಮೊದಲ ಸಾಲಲ್ಲಿ ನಿಂತು, ಹಿಂದೆ ಪಿಸುಗುಟ್ಟುತ್ತಿದ್ದ ಇಬ್ಬರ ಕಡೆ ತಿರುಗಿ ನೋಡಿದರಂತೆ. ಮೂವತ್ತೈದು ವರ್ಷ ಹೈಸ್ಕೂಲಲ್ಲಿ ನೋಡಿದ ನೋಟ ಅದು, ಇಂಗ್ಲಿಷ್ ಬೇಕಾಗಿಲ್ಲ.

ಹಡಗಿನ ಇನ್ನೊಂದು ಕೂಗು ಕೇಳಿ ಮೇಷ್ಟ್ರಿಗೆ ಬೇರೇನೋ ನೆನಪಾಯ್ತಂತೆ. ಡಿಸ್ನಿ ಹಡಗಿನ ಹಾರನ್ನು ಸುಮ್ಮನೆ ಭೋಂ ಅನ್ನಲ್ಲ, ಅವರದೊಂದು ಹಾಡಿನ ಮೊದಲ ಏಳು ಸ್ವರ ನುಡಿಸುತ್ತೆ. ಮಕ್ಕಳು ಕುಣಿದಾಡಿದರೆ ಇವರು, "ರಾಜಾ ಮಿಲ್ ಕೂಗ್ತು" ಅಂದರಂತೆ! ನಮ್ಮಪ್ಪ ಆ ಬಟ್ಟೆ ಮಿಲ್ಲಿನವರೇ. ಆ ಕೂಗಿಗೇ ನಮ್ಮ ಬೀದಿಯ ಗಡಿಯಾರ ಎಲ್ಲಾ ಸರಿ ಮಾಡ್ಕೋತಿದ್ದಿದ್ದು, ಅನ್ನಕ್ಕೆ ಎಸರು ಇಡ್ತಿದ್ದಿದ್ದು. ಈಗ ಆ ಜಾಗದಲ್ಲಿ ಮಂತ್ರಿ ಮಾಲು. ಇನ್ನು ಮಿನರ್ವ ಮಿಲ್ಲಿನದಂತೂ ಬಿಡಿ, ಬಟ್ಟೆ ನೇಯೋದು ಸಾಲದು ಅಂತ 1980ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾಗಿ, ಲಾ ಓದೋ ಹುಡುಗರೆಲ್ಲ ಸಂವಿಧಾನದ ಪಾಠದಲ್ಲಿ ಆ ಹೆಸರು ಬಾಯಿಪಾಠ ಮಾಡೋ ಹಾಗಾಯ್ತು. ಈಗ ನಮ್ಮ ತಲೆ ಮೇಲೆ ಹೋಗೋ ಮೆಟ್ರೋ ಕೂಗೋದೂ ಇಲ್ಲ, ಎಸರು ಯಾವಾಗ ಇಡೋದು ಅಂತ ಹೇಳೋದೂ ಇಲ್ಲ.

ಸಾಮಾನು ಕಟ್ಟುವಾಗ ನಡೆದ ರಾಮಾಯಣ ನಾನೇ ಕಿವಿಯಾರೆ ಕೇಳಿದ್ದು. ಕೆಟಲ್ ಒಯ್ಯೋ ಹಾಗಿಲ್ಲ, ಇಸ್ತ್ರಿಪೆಟ್ಟಿಗೆ ಒಯ್ಯೋ ಹಾಗಿಲ್ಲ, ಕುಕ್ಕರ್ರಂತೂ ಕೇಳಲೇಬೇಡಿ. ಹಡಗಿಗೆ ಬೆಂಕಿ ಕಂಡರೆ ಇರೋಷ್ಟು ಭಯ ನೀರು ಕಂಡರೂ ಇಲ್ಲವಂತೆ. ಮನೇಲಿ ಮಾಡಿದ ತಿಂಡಿನೂ ಬೇಡ, ಅಂಗಡಿಯ ಸೀಲು ಒಡೆಯದ ಪೊಟ್ಟಣ ಆದ್ರೆ ಸರಿ. ಅಕ್ಕನ ಚಟ್ನಿಪುಡಿ ಮಗಳ ಮನೆ ಫ್ರಿಜ್ಜಲ್ಲೇ ಉಳೀತು. ಅದಕ್ಕೆ ಅವರು ಮುಖ ಊದಿಸ್ಕೊಂಡಿದ್ದು ನೋಡಿ ಮೇಷ್ಟ್ರು ಜೈಪುರದ ಮಹಾರಾಜರ ಕಥೆ ತೆಗೆದರು. ಎರಡನೇ ಮಾಧೋ ಸಿಂಗರು 1902ರಲ್ಲಿ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೊರಟಾಗ ಒಲಿಂಪಿಯಾ ಅನ್ನೋ ಹಡಗನ್ನೇ ಬಾಡಿಗೆಗೆ ಹಿಡಿದು, ಆಳೆತ್ತರದ ಬೆಳ್ಳಿ ಹಂಡೆಗಳಲ್ಲಿ ಗಂಗೆ ತುಂಬಿಸಿಕೊಂಡು ಹೋದರಂತೆ. ಒಂದೊಂದು ಹಂಡೆ 345 ಕಿಲೋ, ಖಾಲಿ ಇದ್ದಾಗಲೇ! "ನೋಡಿ, ಅವರನ್ನ ಯಾರೂ ಸೀಲು ಒಡೆದಿದ್ಯಾ ಅಂತ ಕೇಳಲಿಲ್ಲ" ಅಂದರು ಅಕ್ಕ. ಹಂಡೆ ಆಗದಿದ್ರೆ ಏನಂತೆ, ಕಾಶಿಯಿಂದ ತಂದ ಬೆಸುಗೆ ಹಾಕಿದ ಗಿಂಡಿಯೊಂದು ಅವರ ಸೀರೆ ಮಡಿಕೆಯಲ್ಲಿ ಅಮೆರಿಕ ನೋಡಿ ಬಂತು.

ಹಾಗೆ ನೋಡಿದ್ರೆ ಗಾಂಧೀಜಿ ಪಾಡು ಇನ್ನೂ ಕಷ್ಟ. 1888ರ ಸೆಪ್ಟೆಂಬರಲ್ಲಿ ಬೊಂಬಾಯಿಯಿಂದ ಲಂಡನ್ನಿಗೆ ಹೊರಟರು. ಸಮುದ್ರ ದಾಟ್ತಾನೆ ಅಂತ ಜಾತಿಯವರು ಹೊರಗೆ ಹಾಕಿದ್ದಾಗಿದೆ. ಹಡಗಲ್ಲಿ ಮುಳ್ಳುಚಮಚ ಹಿಡಿಯೋಕೆ ಬರಲ್ಲ, ಯಾವ ಅಡುಗೇಲಿ ಮಾಂಸ ಇದೆ ಅಂತ ಕೇಳೋಕೆ ಸಂಕೋಚ, ಕ್ಯಾಬಿನ್ನಲ್ಲೇ ಕೂತು ಮನೆಯಿಂದ ತಂದ ಸಿಹಿ, ಹಣ್ಣು ತಿಂದ್ಕೊಂಡು ಇದ್ದರಂತೆ. ಇಳಿಯೋ ದಿನ ಬಿಳಿ ಫ್ಲಾನೆಲ್ ಸೂಟು ಹಾಕ್ಕೊಂಡು ನೋಡಿದ್ರೆ ಇಡೀ ದಡದಲ್ಲಿ ಬಿಳಿ ತೊಟ್ಟೋರು ಇವರೊಬ್ಬರೇ. ಪಾಪ ಹುಡುಗ, ಹತ್ತೊಂಬತ್ತೂ ತುಂಬಿರಲಿಲ್ಲ.

ನಮ್ಮ ಮೇಷ್ಟ್ರಿಗೆ ಊಟದ ತೊಂದರೆ ಇರಲಿಲ್ಲ. ಡಿಸ್ನಿ ಹಡಗಲ್ಲಿ ಒಂದು ಪದ್ಧತಿ ಇದೆ, ದಿನಾ ಬೇರೆ ಬೇರೆ ಊಟದ ಹಾಲ್, ಆದರೆ ಬಡಿಸೋರು ನಮ್ಮ ಜೊತೆಗೇ ಬರ್ತಾರೆ. ಮೊದಲ ದಿನವೇ ಹೇಳಿಟ್ಟರೆ ಮಾರನೇ ದಿನ ದಾಲು, ತರಕಾರಿ, ಅನ್ನ ಮಾಡಿಸಿ ತರ್ತಾರೆ. ಎರಡನೇ ರಾತ್ರಿ ಆ ಹುಡುಗ ಕೇಳದೆಯೇ ಮೇಷ್ಟ್ರಿಗೆ ಬಿಸಿನೀರು, ಅಕ್ಕನಿಗೆ ಮೊಸರು ತಂದಿಟ್ಟನಂತೆ. ಇಷ್ಟು ದಿನ ಮದುವೆ ಮನೇಲಿ ನಾವು ಬಡಿಸೋರ ಹಿಂದೆ ಕೂಗಿ ಕೂಗಿ ಸಾಕಾಗಿದ್ವಿ, ಅಲ್ವಾ? ಬಾಗಿಲಲ್ಲೇ ಎಲ್ಲರ ಕೈಗೂ ಒದ್ದೆ ಕಾಗದ ಕೊಟ್ಟು ಒರೆಸಿಕೊಳ್ಳಿ ಅಂತಾರೆ, ವಾಂತಿಭೇದಿಯ ಸೋಂಕು ಹಡಗಲ್ಲಿ ಒಬ್ಬರಿಗೆ ಬಂದ್ರೆ ಊರಿಗೆಲ್ಲಾ ಹಂಚಿದ ಹಾಗೆ. ಅಕ್ಕನಿಗೆ ಇದು ಹಿಡಿಸಿತು. "ಕಾಲಿಗೂ ಒಂದು ಚೊಂಬು ಕೊಟ್ಟಿದ್ರೆ ಪೂರ್ತಿ ಆಗ್ತಿತ್ತು."

ಕಡಲುಗಳ್ಳರ ರಾತ್ರಿ ಅಂತ ಒಂದು ಇರುತ್ತೆ, ಎಲ್ಲರೂ ಕಳ್ಳರ ವೇಷ, ನಡುಸಮುದ್ರದಲ್ಲಿ ಪಟಾಕಿ. ಮೇಷ್ಟ್ರಿಗೂ ಒಂದು ಕೆಂಪು ಕರವಸ್ತ್ರ ಸಿಕ್ತು. ಫೋಟೋ ನೋಡಿದೆ. ಉಳಿದವರೆಲ್ಲ ಕಳ್ಳರ ಹಾಗಿದ್ದಾರೆ, ಇವರು ಮಾತ್ರ ದಸರಾ ದರ್ಬಾರಿಗೆ ಹೊರಟ ಹಾಗೆ.

ಇಷ್ಟರಲ್ಲೂ ಮೇಷ್ಟ್ರಿಗೆ ಸಿಟ್ಟು ಬಂದಿದ್ದು ಒಂದೇ ಸಲ. ಈಜುಕೊಳದ ಪಕ್ಕದ ಕುರ್ಚಿಗೆ ಬೆಳಗ್ಗೆ ಏಳಕ್ಕೇ ಟವೆಲ್ ಹಾಸಿ, ಪುಸ್ತಕ ಇಟ್ಟು, ಆಸಾಮಿಗಳು ನಾಪತ್ತೆ. ಇದು ಎಲ್ಲಾ ಹಡಗಿನ ಮಾಮೂಲಿ ಜಗಳವೇ. ಕಾರ್ನಿವಲ್ ಕಂಪನಿಯವರು ಅಂಥ ಕುರ್ಚಿಗೆ ಸಮಯ ಬರೆದ ಚೀಟಿ ಅಂಟಿಸಿ, 40 ನಿಮಿಷದಲ್ಲಿ ಯಾರೂ ಬರದಿದ್ರೆ ಸಾಮಾನು ಎತ್ತಿಡ್ತಾರೆ. "ಅನ್ಯಾಯ!" ಅಂದರು ಮೇಷ್ಟ್ರು. ನಾನು ಏನೂ ಅನ್ನಲಿಲ್ಲ. ಬಿಟಿಎಸ್ ಬಸ್ಸಿನ ಕಾಲದಲ್ಲಿ ಮೆಜೆಸ್ಟಿಕ್ಕಿನಲ್ಲಿ ಕಿಟಕಿಯೊಳಗೆ ಕೈ ತೂರಿಸಿ ಮೂರು ಸೀಟಿಗೆ ಮೂರು ಕರ್ಚೀಫು ಹಾಕ್ತಿದ್ದೋರು ಯಾರು ಅಂತ ನನಗೂ ಗೊತ್ತು, ನಮ್ಮೆಜಮಾನ್ರಿಗೂ ಗೊತ್ತು. ಎಸೆದ ಕರ್ಚೀಫಿಗೆ ಮರ್ಯಾದೆ ಇತ್ತು, ಯಾರೂ ಅದರ ಮೇಲೆ ಕೂರ್ತಿರಲಿಲ್ಲ. ಒಂದೇ ವ್ಯತ್ಯಾಸ, ನಮ್ಮೋರು ಕರ್ಚೀಫಿನ ಹಿಂದೆಯೇ ಬಂದು ಕೂರ್ತಿದ್ರು, ತಿಂಡಿಗೆ ಹೋಗ್ತಿರಲಿಲ್ಲ.

ಕೊನೇ ರಾತ್ರಿ ಬಡಿಸಿದೋರಿಗೆ, ಕೋಣೆ ಗುಡಿಸಿದೋರಿಗೆ ಕವರಲ್ಲಿ ಇನಾಮು ಕೊಡಬೇಕು. ಮೇಷ್ಟ್ರು ಕವರು ತಗೊಂಡು ಮೂಲೆಗೆ ಹೋದರು, ಬಂದಾಗ ಅಳಿಯ ತೆಗೆದು ನೋಡ್ತಾನೆ, ಒಂದೊಂದರಲ್ಲೂ ಒಂದು ಡಾಲರ್ ಜಾಸ್ತಿ. "ಮುಯ್ಯಿ ಅಂದ್ಮೇಲೆ ಸೊನ್ನೇಲಿ ಮುಗೀಬಾರದಪ್ಪ." ಐವತ್ತೊಂದು ಡಾಲರ್ ಕಂಡ ಆ ಹುಡುಗ ಮಿಕ್ಕ ಚಿಲ್ಲರೆ ಕೊಡಬೇಕೇನೋ ಅಂತ ಜೇಬು ತಡಕಿದನಂತೆ.

ಬಾತುಕೋಳಿ ವಿಷಯ ಮರೆತೇಬಿಟ್ಟಿದ್ದೆ ನೋಡಿ. ಈಗೀಗ ಹಡಗುಗಳಲ್ಲಿ ಬೆರಳುದ್ದದ ರಬ್ಬರ್ ಬಾತುಕೋಳಿ ಬಚ್ಚಿಡೋ ಹುಚ್ಚು. ಮೆಟ್ಟಿಲ ಮೂಲೆಯಲ್ಲಿ, ಹೂಕುಂಡದ ಹಿಂದೆ, ಎಲ್ಲಿ ಬೇಕಾದ್ರೂ. ಸಿಕ್ಕಿದೋರು ಇಟ್ಕೋಬಹುದು, ಇಲ್ಲವೇ ಮತ್ತೆ ಬಚ್ಚಿಡಬಹುದು. ಇವರ ಮೀನಿನ ಜೇಬಲ್ಲೂ ಒಂದು ಸಿಕ್ಕಿತು. ಪರರ ವಸ್ತು ಅಂತ ಮೇಷ್ಟ್ರು ಅದನ್ನ ಕೌಂಟರಿಗೆ ಒಪ್ಪಿಸೋಕೆ ಹೋದರಂತೆ! ಅಲ್ಲಿನ ಹುಡುಗಿ ನಕ್ಕು ವಾಪಸ್ ಕೊಟ್ಟಳು. ದಸರಾದಲ್ಲಿ ಅವರ ಗೊಂಬೆ ಮೆಟ್ಟಿಲ ಮೇಲೆ ಪಟ್ಟದ ಗೊಂಬೆಗಳ ಕಾಲಬುಡದಲ್ಲಿ ಇಟ್ಟಿದ್ದರು, ಬಂದ ಮಕ್ಕಳೆಲ್ಲಾ ರಾಜಾರಾಣಿ ಬಿಟ್ಟು ಅದನ್ನೇ ನೋಡಿದ್ದು.

ಗೊಂಬೆ ಎತ್ತಿಟ್ಟ ಮಾರನೇ ದಿನ ನಮ್ಮ ತುಳಸಿ ಕುಂಡದ ಹಿಂದೆ ಅದು ಕೂತಿತ್ತು. ಅಕ್ಕ ಬಟ್ಟೆ ಹಿಂಡ್ತಾ ಆಕಾಶ ನೋಡ್ತಿದ್ದರು. ನಾನೂ ಕೇಳಲಿಲ್ಲ. ನಿನ್ನೆ ಸಂಜೆ ಮೂಲೆಮನೆಯವರ ಹಾಲಿನ ಬುಟ್ಟಿಗೆ ಹಾಕಿ ಬಂದಿದ್ದೀನಿ, ಇವತ್ತು ಬೆಳಗ್ಗೆಯಿಂದ ಆ ಕಡೆಯಿಂದ ಸದ್ದೇ ಇಲ್ಲ. ನಿಮ್ಮನೆ ಹತ್ತಿರ ಏನಾದ್ರೂ ಬಂತಾ?